ಅಪ್ಪನ ಎಡವಟ್ಟು, ಅಮ್ಮನ ಪಾಲಿನ ಕೆಲಸ

ಮಾನ್ಯ ಓದುಗರೇ,

ಟಿ.ವಿ. ಜಾಹೀರಾತುಗಳು ಅಪ್ಪಂದಿರನ್ನು ಮಗುವಿಗೆ ಡೈಪರ್ ಹಾಕಲೂ ಬಾರದ ಪೆದ್ದರಂತೆ ತೋರಿಸುತ್ತಿವೆ, ಹೆಂಗಸರನ್ನು ಹೀಗೆ ಗೇಲಿ ಮಾಡಿದ್ದರೆ ಸುಮ್ಮನಿರುತ್ತಿದ್ದಿರಾ ಎಂದು ಕೇಳಿದ್ದೀರಿ. ತಮ್ಮ ಬೇಸರ ನ್ಯಾಯವಾದದ್ದೇ. ಆದರೆ ಆ ನಗೆಯಿಂದ ಹೆಂಗಸರ ಮರ್ಯಾದೆ ಹೆಚ್ಚುತ್ತಿದೆ ಎಂಬ ತಮ್ಮ ಮಾತನ್ನು ನಾನು ಒಪ್ಪಲಾರೆ.

ಇಂಥ ಜಾಹೀರಾತೊಂದನ್ನು ನಿಧಾನವಾಗಿ ನೋಡಿ. ಅಪ್ಪ ವಾಷಿಂಗ್ ಮಷೀನಿಗೆ ಬಟ್ಟೆ ತುರುಕಿ ಪುಡಿ ಸುರಿಯುತ್ತಾನೆ. ನೊರೆ ಉಕ್ಕಿ ನೆಲದ ತುಂಬ ಹರಿಯುತ್ತದೆ. ಮಕ್ಕಳು ಕೇಕೆ ಹಾಕುತ್ತಾರೆ. ಅಷ್ಟರಲ್ಲಿ ಬಾಗಿಲಲ್ಲಿ ಕಾಣಿಸಿಕೊಂಡ ಅಮ್ಮ ತಲೆಯಾಡಿಸಿ ನಕ್ಕು, ಸರಿಯಾದ ಪೊಟ್ಟಣವನ್ನು ಕೈಗೆತ್ತಿಕೊಳ್ಳುತ್ತಾಳೆ. ಅಪ್ಪನಿಗೆ ಸಿಕ್ಕಿದ್ದು ಕ್ಷಮೆ, ಅಮ್ಮನಿಗೆ ಸಿಕ್ಕಿದ್ದು ನೆಲ ಒರೆಸುವ ಕೆಲಸ. ಅಮ್ಮನ ಕೈಯಲ್ಲೇ ಏನಾದರೂ ತಪ್ಪಿದರೆ ಹಿನ್ನೆಲೆ ಸಂಗೀತವೇ ಬೇರೆಯಾಗುತ್ತದೆ: ಕಾಲರಿನಲ್ಲಿ ಉಳಿದ ಕಲೆಯನ್ನು ಕಂಡು ಅವಳ ಮುಖ ಬಾಡುತ್ತದೆ, ಯಾರೂ ನಗುವುದಿಲ್ಲ. ಆ ಕೆಲಸ ಅವಳದೇ ಎಂದು ಎಲ್ಲರೂ ಮೊದಲೇ ಒಪ್ಪಿಕೊಂಡಿರುವುದರಿಂದ ಅವಳ ತಪ್ಪು ತಮಾಷೆಯಾಗುವುದಿಲ್ಲ, ಅವಳ ಕೊರತೆಯಾಗುತ್ತದೆ. ಮೂವತ್ತು ಸೆಕೆಂಡಿನಲ್ಲಿ ಕಥೆ ಮುಗಿಸಬೇಕಾದವರು ನೋಡುಗರಿಗೆ ಪರಿಚಿತವಾದ ಅಚ್ಚುಗಳನ್ನೇ ಬಳಸುತ್ತಾರೆ ಎಂಬುದು ನಿಜವಾದರೂ, ಬಳಸಿದಷ್ಟೂ ಆ ಅಚ್ಚು ಗಟ್ಟಿಯಾಗುತ್ತದೆ.

ತಮ್ಮಂತೆಯೇ ನೊಂದ ಅಮೆರಿಕದ ಅಪ್ಪಂದಿರು 2012ರಲ್ಲಿ ಹಗ್ಗೀಸ್ ಡೈಪರಿನ ಜಾಹೀರಾತನ್ನು ವಿರೋಧಿಸಿದಾಗ ಕಂಪನಿ ಅದನ್ನು ಬದಲಿಸಿತು. ಬ್ರಿಟನ್ನಿನಲ್ಲಿ, ಹಾನಿ ಮಾಡಬಹುದಾದ ಲಿಂಗ ಸಿದ್ಧಮಾದರಿಗಳನ್ನು, ಅಂದರೆ ಗಂಡಸು ಹೀಗೆ, ಹೆಂಗಸು ಹೀಗೆ ಎಂಬ ಅಚ್ಚುಗಳನ್ನು, ಜಾಹೀರಾತುಗಳು ಬಳಸಕೂಡದೆಂಬ ನಿಯಮ 2019ರ ಜೂನ್ 14ರಂದು ಜಾರಿಗೆ ಬಂತು. ಅದರಡಿ ಮೊದಲಿಗೆ ನಿಷೇಧಕ್ಕೊಳಗಾದ ಎರಡು ಜಾಹೀರಾತುಗಳಲ್ಲಿ ಒಂದು ಫಿಲಡೆಲ್ಫಿಯಾ ಚೀಸಿನದು. ತಿನ್ನುವುದರಲ್ಲಿ ಮೈಮರೆತ ಅಪ್ಪಂದಿರು, ತಟ್ಟೆಗಳು ಸಾಗುವ ಬೆಲ್ಟಿನ ಮೇಲೆ ಕೂಸುಗಳನ್ನು ಬಿಟ್ಟುಬಿಡುವ ದೃಶ್ಯ ಅದರಲ್ಲಿತ್ತು. ಹಾಸ್ಯವಿದೆ ಎಂದಮಾತ್ರಕ್ಕೆ ಹಾನಿ ಕಡಿಮೆಯಾಗದು ಎಂದು ಅಲ್ಲಿನ ಜಾಹೀರಾತು ಮಾನದಂಡ ಪ್ರಾಧಿಕಾರ ತೀರ್ಮಾನಿಸಿತು. 'ಅಮ್ಮನಿಗೆ ಹೇಳೋದು ಬೇಡ' ಎಂಬರ್ಥದ ಮಾತಿನೊಂದಿಗೆ ಆ ಜಾಹೀರಾತು ಮುಗಿಯುತ್ತಿತ್ತು ಎಂಬುದನ್ನು ತಾವು ಗಮನಿಸಬೇಕು. ತೆರೆಯ ಮೇಲೆ ಇಲ್ಲದ ಅಮ್ಮನೇ ಅಲ್ಲಿಯೂ ಮಗುವಿನ ಹೊಣೆಗಾರಳು.

ಹಾಗೆಂದು ಅಪ್ಪ ನಗೆಯ ವಸ್ತುವಾಗಲೇಬಾರದೆಂಬ ತಮ್ಮ ಸಲಹೆಯನ್ನು ನಾನು ಬೆಂಬಲಿಸುವುದಿಲ್ಲ. ಡೈಪರ್ ಬಿಚ್ಚಿದ ಕೂಡಲೇ ಮಗು ಅಪ್ಪನ ಅಂಗಿ ತೋಯಿಸುವ ದೃಶ್ಯಕ್ಕೆ ಮನಸ್ಸು ಬಿಚ್ಚಿ ನಗುವವರಲ್ಲಿ ನಾನೂ ಒಬ್ಬ. ಅಂಗಿ ಬದಲಿಸಿ ಬಂದ ಅಪ್ಪ, ಯಾರನ್ನೂ ಕೂಗದೆ, ತಾನೇ ಹೊಸ ಡೈಪರ್ ಹಾಕಿ ಮುಗಿಸುವವರೆಗೂ ಕ್ಯಾಮೆರಾ ಅಲ್ಲೇ ನಿಲ್ಲಲಿ ಎಂಬುದಷ್ಟೇ ನನ್ನ ಒತ್ತಾಯ.

— ಸಂಪಾದಕ