ಗುಂಪಿಗೆ 30 ರೋಗಿಗಳು ಸಾಕೇ?
ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಎರಡು ಔಷಧಿ ಹೋಲಿಸುವ ಎಂ.ಡಿ. ಥೀಸಿಸ್‌ಗೆ ಗುಂಪಿಗೆ 30 ಜನ ಸಾಕೇ ಎಂದು ಕೇಳಿದ್ದೀರಿ. ನೀವು ಕೊಟ್ಟ ಅಂಕಿಗಳಿಗೆ ಖಂಡಿತ ಸಾಲದು. ಹಳೆಯ ಔಷಧಿಯಲ್ಲಿ ಶೇ 40, ಹೊಸದರಲ್ಲಿ ಶೇ 20 ಜನರಿಗೆ ತೀವ್ರ ನೋವು ಅಂದಿದ್ದೀರಲ್ಲ, ಲೆಕ್ಕ ಹೀಗೆ: 7.84 × (0.4×0.6 + 0.2×0.8) ÷ 0.04 = 78.4. ಅಂದರೆ ಗುಂಪಿಗೆ 79. (0.04 ಅಂದರೆ 0.4 ಮತ್ತು 0.2ರ ವ್ಯತ್ಯಾಸದ ವರ್ಗ. 1.96 ಮತ್ತು 0.84 ಕೂಡಿಸಿ ವರ್ಗ ಮಾಡಿದರೆ 7.84. ಇದು ಶೇ 5 ಸಿಗ್ನಿಫಿಕೆನ್ಸ್, ಅಂದರೆ ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಾಧ್ಯತೆ, ಮತ್ತು ಶೇ 80 ಪವರ್, ಅಂದರೆ ಇರುವ ವ್ಯತ್ಯಾಸವನ್ನು ಗುರುತಿಸುವ ಸಾಧ್ಯತೆ, ಇವೆರಡಕ್ಕೆ.) ಶೇ 10 ಜನ ಮಧ್ಯದಲ್ಲಿ ಬಿಟ್ಟುಹೋಗುತ್ತಾರೆಂದರೆ 0.9ರಿಂದ ಭಾಗಿಸಿ, 88 ಆಗುತ್ತದೆ.

30ಕ್ಕೇ ನಿಲ್ಲಿಸಿದರೆ ಪವರ್ ಸುಮಾರು ಶೇ 40 ಮಾತ್ರ. ವ್ಯತ್ಯಾಸ ನಿಜವಾಗಿ ಇದ್ದರೂ ಕಾಣದೆ ಹೋಗುವ ಸಾಧ್ಯತೆಯೇ ಹೆಚ್ಚು. ಉತ್ತರ ಸಿಗದ ಅಧ್ಯಯನಕ್ಕೆ ರೋಗಿಗಳ ಒಪ್ಪಿಗೆ ಕೇಳುವುದು ಅವರಿಗೆ ಮಾಡುವ ಅನ್ಯಾಯ.

ಅಷ್ಟು ಜನ ಸಿಗುವುದಿಲ್ಲವೇ? ಅಳತೆ ಬದಲಿಸಿ. ‘ತೀವ್ರ ನೋವು ಇದೆ, ಇಲ್ಲ’ ಎನ್ನುವ ಬದಲು 0–10ರ ಸ್ಕೋರ್ ತೆಗೆದುಕೊಳ್ಳಿ. ಸ್ಟ್ಯಾಂಡರ್ಡ್ ಡೀವಿಯೇಷನ್ (ಸ್ಕೋರ್‌ಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 1.5, ಗುರುತಿಸಬೇಕಾದ ವ್ಯತ್ಯಾಸ 1 ಅಂಕವಾದರೆ ಗುಂಪಿಗೆ 36, ಬಿಟ್ಟುಹೋಗುವವರನ್ನು ಸೇರಿಸಿ 40. ಡೀವಿಯೇಷನ್ 2 ಆದರೆ 36 ಇದ್ದದ್ದು 63ಕ್ಕೆ ಏರುತ್ತದೆ. ಹಾಗಾಗಿ ಡೀವಿಯೇಷನ್ ಎಷ್ಟೆಂದು ಊಹಿಸಬೇಡಿ, ಇಂಥದೇ ರೋಗಿಗಳ ಮೇಲಿನ ಪ್ರಕಟಿತ ಅಧ್ಯಯನದಿಂದ ತೆಗೆಯಿರಿ. ಯಾವ ಗಂಟೆಯ ಸ್ಕೋರ್ ಮುಖ್ಯ ಎಂಬುದನ್ನೂ ಪ್ರೋಟೋಕಾಲ್‌ನಲ್ಲೇ ಬರೆದಿಡಿ.

ಒಪಿಡಿ ಸಂಖ್ಯೆಯ ಸಮ-ಬೆಸ ನೋಡಿ ಗುಂಪು ಹಂಚಬೇಡಿ. ಮುಂದಿನವರು ಯಾವ ಗುಂಪಿಗೆ ಎಂದು ಮೊದಲೇ ಗೊತ್ತಾದರೆ ಆಯ್ಕೆಯೇ ವಾಲುತ್ತದೆ. ಕ್ರಮಸಂಖ್ಯೆ ಹಾಕಿ ಮುಚ್ಚಿದ, ಬೆಳಕಿಗೆ ಹಿಡಿದರೂ ಒಳಗಿನದು ಕಾಣದ ಲಕೋಟೆ ಬಳಸಿ. ಮೇಲೆ ರೋಗಿಯ ಹೆಸರು ಬರೆದ ನಂತರವೇ ಒಡೆಯಿರಿ.

ಮೊದಲು ಎಥಿಕ್ಸ್ ಕಮಿಟಿ, ಆಮೇಲೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿ, ಆಮೇಲೆ ಮೊದಲ ರೋಗಿ. 2018ರ ಏಪ್ರಿಲ್ 1ರಿಂದ ರೋಗಿಗಳನ್ನು ಸೇರಿಸಿಕೊಂಡ ಮೇಲೆ ನೋಂದಣಿ ಮಾಡಿಸಲು ಅವಕಾಶವಿಲ್ಲ.