ಡಂಜನ್ ಆಟ ಕೆಲವು ಕೈ ಹಿಡಿತಾವ, ಕೆಲವು ಯಾಕ ಜಾರ್ತಾವ?

ಡಯಾಬ್ಲೊ ನಮೂನಿ ಡಂಜನ್ ಆಟ, ಅಂದ್ರ ಗುಹಾದಾಗ ಇಳದು ದೆವ್ವ ಹೊಡಿಯೂ ಕಂಪ್ಯೂಟರ್ ಆಟ, ಎಲ್ಲಾದರಾಗೂ ಹೊಡಿಯೂದು, ಲೂಟ್ (ಸತ್ತ ವೈರಿಯಿಂದ ಬೀಳೂ ಸಾಮಾನು) ಆರಸೂದು ಅಷ್ಟ ಇರ್ತದ, ಆದ್ರ ಒಂದು ತಿಂಗಳುಗಟ್ಟಲೆ ಬಿಡೂದಿಲ್ಲ, ಇನ್ನೊಂದು ಎರಡ ದಿನಕ್ಕ ಬ್ಯಾಸರಾಗ್ತದ, ಯಾಕ ಅಂತ ಕೇಳೀರಿ.

ನನಗ ಅನಸೂದು ಇಷ್ಟ: ಸಿಕ್ಕ ಲೂಟ್ ನೀವು ಆಡೂ ರೀತಿನ ಬದಲ್ ಮಾಡಬೇಕು. ಕತ್ತಿ ಡ್ಯಾಮೇಜ್ (ಏಟಿನ ಬಲ) 40 ಇದ್ದದ್ದು 46 ಆತು, ಎದುರಿನ ದೆವ್ವದ ಹೆಲ್ತೂ (ಜೀವದ ಲೆಕ್ಕ) ಅಷ್ಟ ಏರಿತು ಅಂದ್ರ ನೀವು ನಿಂತಲ್ಲೇ ನಿಂತೀರಿ. 2020ರ ಹೇಡೀಸ್ ಆಟ ನೋಡ್ರಿ, ಅದರಾಗ ಗ್ರೀಕ್ ದೇವ್ರುಗಳು ವರ, ಅಂದ್ರ ಹೊಸ ಶಕ್ತಿ, ಕೊಡ್ತಾರ. ಪೊಸೈಡನ್ ವರ ತಗೊಂಡ್ರ ನಿಮ್ಮ ಏಟು ವೈರಿನ್ನ ಹಿಂದಕ್ಕ ದಬ್ಬತದ, ಗ್ವಾಡಿಗೆ ಹೋಗಿ ಬಡದ್ರ ಅಂವಗ ಇನ್ನೊಂದು ಪೆಟ್ಟು. ಆಮ್ಯಾಲ ಖೋಲಿಯೊಳಗ ಕಾಲಿಟ್ಟ ಕೂಡ್ಲೆ ನಿಮ್ಮ ಕಣ್ಣು ವೈರಿ ಮ್ಯಾಲ ಹೋಗೂದಿಲ್ಲ, ಗ್ವಾಡಿ ಎಲ್ಲಿ ಅದ ಅಂತ ಹುಡಕತದ. ಮುಂದಿನ ಸಲ ಝ್ಯೂಸ್ ವರ ಸಿಕ್ತು ಅನ್ರಿ, ಒಬ್ಬಂವಗ ಹೊಡದ್ರ ಮಿಂಚು ಬಾಜೂದವರಿಗೂ ಹಾರತದ. ಈಗ ಗುಂಪಿನ ನಡುವ ನುಗ್ಗೂದ ಲಾಭ. ಖೋಲಿ ಅವ, ವೈರಿಗಳೂ ಅವರ, ಆಟ ಮಾತ್ರ ಬ್ಯಾರೆ.

ಇದಕ್ಕ ಉಲ್ಟಾ ಉದಾಹರಣಿ 2012ರ ಡಯಾಬ್ಲೊ 3. ಆಟದೊಳಗ ಹರಾಜು ಕಟ್ಟಿ ಇತ್ತು, ಖರೇ ರೊಕ್ಕ ಕೊಟ್ಟೂ ಸಾಮಾನು ಕೊಳ್ಳಬಹುದಿತ್ತು. ದೆವ್ವ ಕೊಂದ್ರ ಬೀಳೂದು ಬಹಳಷ್ಟು ನಿಮಗ ಬ್ಯಾಡಾದದ್ದು, ಬೇಕಾದದ್ದು ಹರಾಜಿನ್ಯಾಗ. ಅಂದ್ಮ್ಯಾಲ ಯಾಂವ ಗುಹಾ ಹೊಗತಾನ? 2014ರ ಮಾರ್ಚ್‌ನಾಗ ಹರಾಜು ಮುಚ್ಚಿದ್ರು, ಅದ ಹೊತ್ತಿಗೆ ನಿಮ್ಮ ಹೀರೋಗ ಹೊಂದೂ ಸಾಮಾನ ಹೆಚ್ಚು ಬೀಳೂ ಹಂಗ ಮಾಡಿದ್ರು. ಅದ ಆಟದಾಗ ಮತ್ತ ಜೀವ ಬಂತು.

ಇನ್ನೊಂದು, ಏಟಿನ ರುಚಿ. ಏಟು ತಾಗಿದ ಕ್ಷಣ ಚಿತ್ರ ಒಂದೆರಡು ಫ್ರೇಮ್ ಗಕ್ಕನ ನಿಲ್ತದ, ಆಮ್ಯಾಲ ಅಸ್ಥಿಪಂಜರ ಸಿಡದು ಬೀಳ್ತದ. ಅದಕ್ಕ ಹಿಟ್ ಸ್ಟಾಪ್ ಅಂತಾರ. ಅದಿಲ್ಲಂದ್ರ ತಲಿ ಮ್ಯಾಲ ಎಷ್ಟ ದೊಡ್ಡ ನಂಬರ್ ಹಾರಿಸಿದ್ರೂ ಹತ್ತಿ ಅಂಡಿಗಿಗೆ ಗುದ್ದಿದಂಗ. ಸಪ್ಪಳನೂ ಅಷ್ಟ ಮುಖ್ಯ. 2000ದ ಡಯಾಬ್ಲೊ 2ರಾಗ ಉಂಗುರ ಬಿದ್ದ ಟಿಣ್ ಅನ್ನೂ ಸಪ್ಪಳ ಎಂಥಾ ಗದ್ದಲದಾಗೂ ಕಿವಿಗೆ ಬೀಳ್ತದ, ಮೌಸ್ ಹಿಡದ ಕೈ ತಾನ ನಿಲ್ತದ.

ನಮ್ಮ ವಿಜಯಪುರದವರಿಗೆ ಇನ್ನೊಂದು ತಲಿಬ್ಯಾನಿ ಅದ. ಡಯಾಬ್ಲೊ 3 ಪಿಸಿಯಾಗ ಒಬ್ಬರ ಆಡಿದ್ರೂ ಇಂಟರ್ನೆಟ್ ಬೇಕು. ಗಾಳಿ ಬೀಸಿ ಕರೆಂಟ್ ಹೋತಂದ್ರ ಲ್ಯಾಪ್‌ಟಾಪ್‌ನಾಗ ಚಾರ್ಜ್ ಇರ್ತದ, ರೌಟರ್ ಸತ್ತಿರ್ತದ, ಆಟ ಹೊರಗ ಒಗೀತದ. ಬಾಸ್‌ನ (ಎಲ್ಲಾರಕಿಂತ ದೊಡ್ಡ ವೈರಿ) ಹೆಲ್ತ್ ಚೂರು ಉಳದಾಗ ಹಂಗಾದ್ರ ಸಿಟ್ಟು ಯಾರ ಮ್ಯಾಲ ತೀರಸೂದು?

ಅದಕ್ಕ ನಮ್ಮ ಕಾಕಾನ ಮಗನ ಹಳೇ ಲ್ಯಾಪ್‌ಟಾಪ್‌ಗೆ ನಾ ಹಾಕಿಕೊಟ್ಟದ್ದು 2009ರ ಟಾರ್ಚ್‌ಲೈಟ್ ಅನ್ನೂ ಆಟ, ಒಬ್ಬರ ಆಡೂದಕ್ಕ ಇಂಟರ್ನೆಟ್ ಬ್ಯಾಡ. ಕಡಿಮಿ ತಾಕತ್ತಿನ ಮಷೀನ್‌ಗೆ ಅಂತನ ಅದರಾಗ ನೆಟ್‌ಬುಕ್ ಮೋಡ್ ಅದ. ನಿಮ್ಮ ಚೀಲ ತುಂಬಿದ್ರ ಸಾಕಿದ ನಾಯಿ ಇಲ್ಲಾ ಬೆಕ್ಕು ಊರಿಗೆ ಹೋಗಿ ಮಾರಿ ಬರ್ತದ, ನೀವು ಹೊಡದಾಟ ಬಿಡೂದ ಬ್ಯಾಡ. ಸಣ್ಣ ಮಾತು ಅನಸ್ತದ, ಆದ್ರ ಇಂಥಾ ಆಟದಾಗಿನ ಅರ್ಧ ಬ್ಯಾಸರಕಿ ಚೀಲ ಖಾಲಿ ಮಾಡೂದರಾಗನ ಅದ.

ನಿಮ್ಮ ಮಷೀನ್ ಎಂಥಾದ್ದು ಅಂತ ಬರದಿಲ್ಲ. ಹಳೇದಿದ್ರ ಟಾರ್ಚ್‌ಲೈಟ್, ಸ್ವಲ್ಪ ಹೊಸಾದಿದ್ರ ಹೇಡೀಸ್ ಹಾಕ್ರಿ.