ಬೀಸಿದ ಕಾಲಿನ ಸಡಿಲತೆ ಎಷ್ಟು ಹೊತ್ತು?

ಪ್ರಶ್ನೆ: ಓಡುವ ಮೊದಲು ಕಾಲುಗಳನ್ನು ಹಿಂದೆ ಮುಂದೆ ಬೀಸಿದರೆ ಮೈ ಸಡಿಲವಾಗುತ್ತದೆ, ಮರುದಿನ ಮತ್ತೆ ಅದೇ ಬಿಗಿತ. ಈ ಬದಲಾವಣೆ ನಿಜವೇ?

ಉತ್ತರ: ನಿಜವೇ, ಆದರೆ ತಾತ್ಕಾಲಿಕ. ಚಲನೆಯಿಂದ ಸ್ನಾಯುವಿನ ಉಷ್ಣತೆ ಏರಿ ಅದರ ಬಿಗುವು ತುಸು ತಗ್ಗುತ್ತದೆ. ಜೊತೆಗೆ ಎಳೆತವನ್ನು ತಾಳಿಕೊಳ್ಳುವ ಮಿತಿಯೂ ಹೆಚ್ಚುವುದರಿಂದ ಕೀಲು ಮೊದಲಿಗಿಂತ ಕೊಂಚ ಹೆಚ್ಚು ಬಾಗುತ್ತದೆ. ಸ್ನಾಯುವೇ ಉದ್ದವಾಯಿತೆಂದು ದಯವಿಟ್ಟು ಭಾವಿಸಬೇಡಿ. ಸುಮ್ಮನೆ ಕುಳಿತರೆ ಈ ಲಾಭ ಕ್ರಮೇಣ ಕರಗುವುದರಿಂದ, ಬೀಸಿದ ಕೂಡಲೇ ಓಟ ಆರಂಭಿಸಿ. ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಹೊತ್ತು ಅಲುಗದೆ ಎಳೆದು ಹಿಡಿದರೆ ಅದರ ಬಲ ಸ್ವಲ್ಪ ಹೊತ್ತು ಕುಗ್ಗಬಹುದು; ಚಲನೆಯ ವಿಧಾನದಲ್ಲಿ ಸಾಮಾನ್ಯವಾಗಿ ಹಾಗಾಗದು, ಆದ್ದರಿಂದಲೇ ಓಟಕ್ಕೆ ಮುನ್ನ ನಾನು ಇದನ್ನೇ ಸೂಚಿಸುತ್ತೇನೆ. ಉಳಿಯುವ ಸಡಿಲತೆಗೆ ವಾರಗಟ್ಟಲೆ ನಿಯಮಿತ ಅಭ್ಯಾಸ ಬೇಕು.